ಮದ್ದಿನ ಪಂಪಿನ ಗಾಳಿ

ಅಗ್ಗದ ವಸ್ತು ಅಂದರೆ ಕೆಟ್ಟ ವಸ್ತು ಎಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಸೈಕಲ್ ಅಂಗಡಿಯವನ ಹೆಂಡತಿ. ಅಗ್ಗದ ಟಯರು ಅಗ್ಗದ ಟಯರಿನ ಕೆಲಸ ಮಾಡುತ್ತದೆ; ನಮ್ಮೂರು ದರ್ಬೆಯಿಂದ ಪೇಟೆಗೆ ಹೋಗಿ ಬೀಡಿ ಕಟ್ಟು ತರುವವನಿಗೆ ಅದು ಧಾರಾಳ ಸಾಕು. ಅದೇ ಟಯರಿನ ಮೇಲೆ ಅಕ್ಕಿಮುಡಿ ಹೇರಿಕೊಂಡು ಘಟ್ಟ ಹತ್ತುತ್ತೇನೆ ಎಂದು ಹೊರಟರೆ ತಪ್ಪು ಟಯರಿನದ್ದಲ್ಲ. ಇದನ್ನು ದಿನಾ ಗಿರಾಕಿಗಳಿಗೆ ಹೇಳುತ್ತಿದ್ದ ಮನುಷ್ಯನೇ ಒಂದು ಅಗ್ಗದ ಕನ್ನಡಿಯನ್ನೂ ಒಂದು ರಬ್ಬರ್ ಕೊಳವೆಯನ್ನೂ ನಂಬಿ ನದಿಯ ತಳಕ್ಕೆ ಇಳಿದ. ಅದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಮೊದಲು ಬರುತ್ತದೆ, ಅಳು ಆಮೇಲೆ.

ನಾನು ಸುಳ್ಯದ ಕಡೆಯವಳು, ಅರೆಭಾಷೆಯ ಮನೆಯಿಂದ ಬಂದವಳು. ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಮದುವೆಯಾಗಿ ದರ್ಬೆಗೆ ಬಂದೆ. ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಮನೆ. ಮನೆಯಲ್ಲಿ ಅತ್ತೆ, ನಮ್ಮವರು, ನಮ್ಮವರ ತಮ್ಮ. ಮಾವ ಮೊದಲೇ ತೀರಿಹೋಗಿದ್ದರು. ಅಂಗಡಿಯಲ್ಲಿ ಸೈಕಲ್ಲು, ಗ್ಯಾಸ್‌ಲೈಟು ರಿಪೇರಿ ಇದ್ದದ್ದೇ. ಆದರೆ ಮಳೆಗಾಲ ಹತ್ತಿರ ಬಂತೆಂದರೆ ಬೇರೆ ಎಲ್ಲ ಕೆಲಸ ಮೂಲೆಗೆ ಹೋಗಿ ಮದ್ದಿನ ಪಂಪುಗಳು ಸಾಲಾಗಿ ಬಂದು ಕೂರುತ್ತಿದ್ದವು. ಮಳೆಗೆ ಅಡಕೆ ಗೊನೆ ಕೊಳೆಯದ ಹಾಗೆ ಮೈಲುತುತ್ತು, ಸುಣ್ಣ ಕದಡಿ ಸಿಂಪಡಿಸುವುದಕ್ಕೆ ನಮ್ಮಲ್ಲಿ ಮದ್ದು ಬಿಡುವುದು ಎನ್ನುತ್ತಾರೆ. ಕೆಳಗೆ ಒಬ್ಬ ಪಂಪಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ದೂಡಬೇಕು, ಮರದ ತುದಿಯಲ್ಲಿ ಇನ್ನೊಬ್ಬ ಉದ್ದ ರಬ್ಬರ್ ಪೈಪು ಹಿಡಿದು ಗೊನೆಗೆ ಬಿಡಬೇಕು. ಆ ಪಂಪುಗಳ ಚರ್ಮದ ವಾಶರು ಹೋದರೂ, ಪೈಪು ಬಿರಿದರೂ ನರಿಮೊಗರಿನಿಂದ ಕಡಬದವರೆಗೆ ಜನ ನಮ್ಮವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಮೈದುನನಿಗೆ ಕೆಲಸಕ್ಕಿಂತ ತಿರುಗಾಟ ಇಷ್ಟ. ರಿಪೇರಿಯಾದ ಪಂಪನ್ನು ಸೈಕಲ್ಲಿಗೆ ಕಟ್ಟಿ ಮನೆಮನೆಗೆ ಮುಟ್ಟಿಸುವ ಕೆಲಸ ಅವನದ್ದು. ನಾನು ಬಂದ ಹೊಸತರಲ್ಲಿ ನನ್ನ ಅರೆಭಾಷೆಯನ್ನು ಅಣಕಿಸಿ ಅಣಕಿಸಿ, ನಾನು ಕೋಪಿಸಿಕೊಂಡರೆ ಪೇಟೆಯಿಂದ ಕಡ್ಲೆಮಿಠಾಯಿ ತಂದು ಕಿಟಕಿಯಲ್ಲಿಟ್ಟು ಹೋಗುತ್ತಿದ್ದ. ಊಟಕ್ಕೆ ಕೂತರೆ ಪಾತ್ರೆಯ ತಳ ಕೆರೆಯುವವರೆಗೆ ಏಳುತ್ತಿರಲಿಲ್ಲ. ಅತ್ತೆಗೆ ಅವನೆಂದರೆ ಜೀವ. ಅವನ ಸೊಂಟದಲ್ಲಿದ್ದ ಬೆಳ್ಳಿಯ ಉಡಿದಾರ ಅವರೇ ಕೋಳಿ ಸಾಕಿ, ಮೊಟ್ಟೆ ಮಾರಿ ಮಾಡಿಸಿದ್ದು. ಅಂಗಿ ಬಿಚ್ಚಿ ಬಾವಿಕಟ್ಟೆಯಲ್ಲಿ ಸ್ನಾನಕ್ಕೆ ನಿಂತಾಗ ಅದನ್ನು ಬೆರಳಲ್ಲಿ ತಿರುವುತ್ತಾ ಸಿಳ್ಳೆ ಹೊಡೆಯುವುದು ಅವನ ಅಭ್ಯಾಸ. ಗಂಡಸಿನ ಸೊಂಟ ಒಂದು ಗಳಿಗೆಯೂ ಬರಿದಾಗಿರಬಾರದು, ಉಡಿದಾರ ಬಿಚ್ಚುವುದು ಹೆಣಕ್ಕೆ ಮಾತ್ರ ಎಂದು ಅತ್ತೆ ಇಬ್ಬರು ಮಕ್ಕಳಿಗೂ ಸಣ್ಣದರಿಂದ ಹೇಳಿ ಹೇಳಿ ಬೆಳೆಸಿದ್ದರು.

ಆ ವರ್ಷ ಮಳೆ ಹಿಡಿದ ಮೊದಲ ವಾರದಲ್ಲೇ ಕಡಬದ ಕಡೆಯ ಒಂದು ತೋಟದಿಂದ ಪಂಪು ಬೇಗ ಬೇಕೆಂದು ಹೇಳಿಕಳಿಸಿದ್ದರು. ನಮ್ಮವರೇ ಹೋಗುವುದೆಂದು ಆಗಿತ್ತು. ಅಷ್ಟರಲ್ಲಿ ಅಂಗಡಿಗೆ ಇನ್ನೆರಡು ಪಂಪು ಬಂದವು. "ನೀನೇ ಹೋಗಿ ಕೊಟ್ಟು ಬಾ" ಎಂದು ತಮ್ಮನನ್ನು ಕಳಿಸಿದರು. ಆಗ ಅಲ್ಲಿ ಸೇತುವೆ ಇರಲಿಲ್ಲ. ಕುಮಾರಧಾರೆಯನ್ನು ದೋಣಿಯಲ್ಲೇ ದಾಟಬೇಕು. ಪಂಪು ಮುಟ್ಟಿಸಿ ವಾಪಸು ಬರುವಾಗ ನಡುಹೊಳೆಯಲ್ಲಿ ದೋಣಿ ಮಗುಚಿತು. ಉಳಿದವರೆಲ್ಲ ಈಜಿಯೋ ಮರದ ಬೇರು ಹಿಡಿದೋ ದಡ ಸೇರಿದರು. ನಮ್ಮ ಹುಡುಗ ಸೇರಲಿಲ್ಲ. ಸೈಕಲ್ಲು ಬಿಡದೆ ಹಿಡಿದುಕೊಂಡಿದ್ದ ಎಂದು ದೋಣಿಯವನು ಹೇಳಿದ. ನೀರು ಇಳಿದ ಮೇಲೆ ಆ ಸೈಕಲ್ಲು ದೋಣಿ ದಾಟುವ ಕಡವಿನಿಂದ ಕೆಳಗಿನ ಕಯದ ಬಾಯಲ್ಲಿ ಬಂಡೆಗೆ ಸಿಕ್ಕಿಕೊಂಡದ್ದು ಕಂಡಿತು. ನದಿ ಬಂಡೆಗಳ ನಡುವೆ ಆಳವಾಗಿ, ಕಪ್ಪಾಗಿ ನಿಲ್ಲುವ ಜಾಗಕ್ಕೆ ಕಯ ಎನ್ನುತ್ತಾರೆ. "ಅದು ತಕ್ಕೊಂಡದ್ದನ್ನು ಕೊಡುವ ಕಯ ಅಲ್ಲ" ಎಂದು ಅದೇ ದೋಣಿಯವನು ಹೇಳಿದ. ಹುಡುಗ ಸಿಗಲಿಲ್ಲ.

ಸಿಕ್ಕಿದ್ದರೆ ಅತ್ತು ಮುಗಿಸುತ್ತಿದ್ದೆವು. ಸಿಗದವನಿಗೆ ಅಳುವುದು ಹೇಗೆ? ನೆಂಟರು ಬಂದು ಬೊಜ್ಜ ಮಾಡಿ ಮುಗಿಸಿ ಎಂದರು. ಬೊಜ್ಜವೆಂದರೆ ಸತ್ತವರಿಗೆ ಮಾಡುವ ಉತ್ತರಕ್ರಿಯೆ. ಅತ್ತೆ ಅವರ ಮೇಲೆ ಹರಿಹಾಯ್ದರು. "ಹೆಣ ನೋಡಿದವರು ಯಾರುಂಟು ಇಲ್ಲಿ? ನಾಳೆ ಅವನು ಬಾಗಿಲಲ್ಲಿ ಬಂದು ನಿಂತ್ರೆ ನಾನು ಯಾವ ಮುಖ ತೋರಿಸುದು? ನಿನ್ನ ಬೊಜ್ಜದ ಊಟ ಆಯ್ತು ಮಗಾ ಅಂತ ಹೇಳುದಾ?" ಎಂದರು. ಯಾರೋ ಒಬ್ಬ ಪುಣ್ಯಾತ್ಮ ಅವನನ್ನು ಘಟ್ಟದ ಕಾಫಿತೋಟದಲ್ಲಿ ಕಂಡ ಹಾಗಾಯಿತು ಎಂದು ಬೇರೆ ಹೇಳಿಹೋದ. ಅವನ ನಾಲಗೆಗೆ ಹುಳ ಬೀಳಲಿ ಎಂದು ನಾನು ಆಗ ಶಪಿಸಿದ್ದೆ. ಅಂದಿನಿಂದ ಅತ್ತೆ ಎರಡು ಹೊತ್ತೂ ಮೈದುನನ ಬಟ್ಟಲನ್ನು ತೊಳೆದು, ಅವನ ಜಾಗದಲ್ಲಿಟ್ಟು, ಅನ್ನ ಬಡಿಸಿ, ಆಮೇಲೆ ನಮಗೆ ಬಡಿಸತೊಡಗಿದರು. ನಾವು ಉಂಡು ಮುಗಿಸಿದ ಮೇಲೆ ಆ ಅನ್ನವನ್ನು ತಾವೇ ಉಣ್ಣುವರು.

ನಮ್ಮವರಿಗೆ ಆ ಬಟ್ಟಲಿನ ಎದುರು ಅನ್ನ ಇಳಿಯುತ್ತಿರಲಿಲ್ಲ. ಎರಡು ತುತ್ತು ತಿನ್ನುವರು, ಬಟ್ಟಲನ್ನು ನೋಡುವರು, ಕೈ ತೊಳೆದು ಎದ್ದು ಹೋಗುವರು. ನಾನು ಅಂಗಡಿಗೆ ಅವಲಕ್ಕಿ ಕೊಂಡುಹೋಗಿ ಕೊಟ್ಟರೆ, "ಹೋಗಬೇಕಾದ್ದು ನಾನು. ಕಳಿಸಿದ್ದು ಅವನನ್ನು" ಎಂದಷ್ಟೇ ಹೇಳುವರು. ಅವರು ಬಡಕಲಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ತಮ್ಮನ ಒಂದು ಎಲುಬಾದರೂ ಸರಿ, ಒಂದು ಗುರುತಾದರೂ ಸರಿ, ಅಮ್ಮನ ಕೈಗೆ ತಂದುಕೊಟ್ಟು ಬೊಜ್ಜ ಮಾಡಿಸಬೇಕು, ಆ ಬಟ್ಟಲನ್ನು ಎತ್ತಿಸಬೇಕು. ಅವರ ತಲೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಹೀಗಿರುವಾಗ ರಂಜಾನಿಗೆ ಬೊಂಬಾಯಿಯಿಂದ ಅವರ ಸ್ನೇಹಿತ ಊರಿಗೆ ಬಂದ. ನಮ್ಮ ಅಂಗಡಿಯ ಪಕ್ಕದಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ಬ್ಯಾರಿಗಳ ಮಗ. ಇಬ್ಬರೂ ಒಂದೇ ಬೆಂಚಿನಲ್ಲಿ ಕಲಿತವರು. ಅವನು ಬೊಂಬಾಯಿಯ ಧಕ್ಕೆಯಲ್ಲಿ ಹಡಗಿನ ಸರಕು ಇಳಿಸುವ ಕೆಲಸದಲ್ಲಿದ್ದ. ಬರುವಾಗ ತಮ್ಮಂದಿರಿಗೆ ಆಟಕ್ಕೆಂದು ಒಂದು ವಿಚಿತ್ರ ವಸ್ತು ತಂದಿದ್ದ: ಕಣ್ಣು, ಮೂಗು ಎರಡನ್ನೂ ಮುಚ್ಚುವ ರಬ್ಬರಿನ ಚೌಕಟ್ಟಿಗೆ ಕೂರಿಸಿದ ಗಾಜು, ಅದರ ಜೊತೆಗೆ ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆ. ಬೀದಿ ಬದಿಯಲ್ಲಿ ರಾಶಿ ಹಾಕಿ ಮಾರುವ ಮಾಲು. ಕೊಳವೆಯ ತುದಿ ನೀರಿನ ಮೇಲಿದ್ದರೆ ಮುಖ ಮುಳುಗಿಸಿಕೊಂಡೇ ಉಸಿರಾಡಬಹುದು ಎಂದು ಅವನು ಹೇಳಿದ ಕೂಡಲೇ ನಮ್ಮವರು ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟರು.

ಅದೇ ದಿನ ನಮ್ಮ ಹಿತ್ತಲಿನ ಬಾವಿಗೆ ಇಳಿದರು. ನಾನೂ ಆ ಸ್ನೇಹಿತನೂ ಹಗ್ಗ ಹಿಡಿದು ಮೇಲೆ ನಿಂತಿದ್ದೆವು. ನೀರಿನ ಮೇಲೆ ಕವುಚಿ ಮಲಗಿ ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ತಲೆಯೆತ್ತಿ ಕನ್ನಡಿ ಮೇಲೆ ಸರಿಸಿ, "ನಿನ್ನ ತಾಮ್ರದ ಚೆಂಬು ಉಂಟು ಮಾರಾಯ್ತಿ ಅಡಿಯಲ್ಲಿ! ಹೋದ ವರ್ಷ ಬೀಳಿಸಿದ್ದು! ಕೈಹಾಕಿದ್ರೆ ಸಿಗುವ ಹಾಗೆ ಕಾಣ್ತದೆ" ಎಂದು ಬಾವಿ ತುಂಬ ಕೂಗಿದರು. ನಕ್ಕರು ಕೂಡಾ. ತಮ್ಮ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ನಗು ಕಂಡು ನಾನೂ ನಕ್ಕೆ. ಆ ಕನ್ನಡಿಗೆ ಮನಸ್ಸಿನಲ್ಲೇ ಕೈಮುಗಿದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಚೆಂಬು ಹಿಡಿಯಲೆಂದು ಕೆಳಗೆ ಮುಳುಗಿದಾಗ ಕೊಳವೆಯ ತುಂಬ ನೀರು ನುಗ್ಗಿ ಕೆಮ್ಮುತ್ತಾ ಮೇಲೆ ಬಂದರು. ಸ್ನೇಹಿತ ಬಾವಿಕಟ್ಟೆಯಿಂದಲೇ ಹೇಳಿದ, "ಅದು ಮೇಲೆ ಮಲಗಿ ಕೆಳಗೆ ನೋಡ್ಲಿಕ್ಕೆ ಮಾತ್ರ ಮಾರಾಯ. ಮಕ್ಕಳ ಆಟದ್ದು. ನಿಜಕ್ಕೂ ಮುಳುಗುವವರು ಬೆನ್ನಿಗೆ ಗಾಳಿಯ ಅಂಡೆ ಕಟ್ತಾರೆ. ಧಕ್ಕೆಯಲ್ಲಿ ನಾನೇ ನೋಡಿದ್ದೇನೆ. ಅದಕ್ಕೆ ಕಲೀಲಿಕ್ಕೆ ಉಂಟು, ಕಲಿಸುವವರು ಉಂಟು."

"ಗಾಳಿ ಅಂದ್ರೆ ಗಾಳಿಯೇ ಅಲ್ವಾ?" ಎಂದರು ನಮ್ಮವರು. "ಅಂಡೆಯಿಂದ ಬಂದ್ರೆ ಎಂತ, ಕೊಳವೆಯಿಂದ ಬಂದ್ರೆ ಎಂತ? ಕೊಳವೆ ಉದ್ದ ಮಾಡಿದ್ರಾಯ್ತು."

ಉದ್ದದ ಕೊಳವೆಗೆ ನಮ್ಮ ಅಂಗಡಿಯಲ್ಲಿ ಬರವೇ? ಮದ್ದು ಬಿಡುವ ಪೈಪು ಸುರುಳಿ ಸುರುಳಿಯಾಗಿ ನೇತಾಡುತ್ತಿತ್ತು. ಒಂದನ್ನು ಹುಣಸೆಹುಳಿ ಹಾಕಿ, ಬಿಸಿನೀರು ಹೊಯ್ದು ತೊಳೆದು, ಬೊಂಬಾಯಿಯ ಕೊಳವೆಗೆ ಜೋಡಿಸಿ, ಸಂದಿಗೆ ಸೈಕಲ್ ಟ್ಯೂಬು ಬಿಗಿದರು. ಮತ್ತೆ ಬಾವಿ. ಈ ಸಲ ನೀರು ನುಗ್ಗಲಿಲ್ಲ, ಆದರೆ ಒಂದಾಳಿನ ಆಳಕ್ಕೆ ಹೋದರೆ ಉಸಿರು ಒಳಗೆ ಬರುವುದಿಲ್ಲ. "ಎದೆ ಮೇಲೆ ಅಕ್ಕಿಮುಡಿ ಇಟ್ಟ ಹಾಗೆ ಆಗ್ತದೆ, ಎಳೆದ್ರೂ ಎಳೆದ್ರೂ ಗಾಳಿ ಇಳಿಯುದಿಲ್ಲ" ಎಂದರು. ಅಲ್ಲಿಗೆ ಬಿಡುತ್ತಾರೆ ಎಂದುಕೊಂಡೆ. ಬೇರೆ ಊರಿನವರಾಗಿದ್ದರೆ ಬಿಡುತ್ತಿದ್ದರೋ ಏನೋ. ಇವರು ಮದ್ದಿನ ಪಂಪಿನ ಊರಿನವರು. ಮರುದಿನ ಬೆಳಿಗ್ಗೆ ಗಂಜಿ ಉಣ್ಣುತ್ತಾ ಕೂತವರು ಇದ್ದಕ್ಕಿದ್ದ ಹಾಗೆ ನನ್ನ ಮುಖ ನೋಡಿ ಕೇಳಿದರು: "ನೀರನ್ನು ಅಡಕೆಮರದ ತುದಿಗೆ ಏರಿಸುವ ಪಂಪು ಗಾಳಿಯನ್ನು ನೀರಿನ ಅಡಿಗೆ ಇಳಿಸ್ಲಿಕ್ಕಿಲ್ವಾ?"

ನನಗೆ ಅದು ಸರಿಯೆಂದೇ ತೋರಿತು. ಯಾರಿಗೂ ತೋರುವಂಥದ್ದೇ. ಪಂಪಿನ ವಾಶರು ಬಿಗಿ ಮಾಡಿ, ಎಣ್ಣೆ ಕುಡಿಸಿ, ಬಾವಿಯಲ್ಲಿ ನೋಡಿದಾಗ ಅದು ಅಲ್ಪಸ್ವಲ್ಪ ಗಾಳಿ ಕೊಟ್ಟಿತು ಕೂಡಾ. ಎಷ್ಟು ತೊಳೆದರೂ ಮೈಲುತುತ್ತಿನ ಒಗರು ಹೋಗಿರಲಿಲ್ಲ. ಮೇಲೆ ಬಂದು ನೀಲಿ ಉಗುಳು ಉಗುಳಿದರು. ಕಿವಿ ನೋಯುತ್ತದೆ ಎಂದರು. "ನೋವು ಬಂದ್ರೆ ಮೇಲೆ ಬರ್ಬೇಕು, ಹಟ ಮಾಡ್ಬಾರ್ದು" ಎಂದು ಸ್ನೇಹಿತ ಹೇಳಿದ. ಆದರೆ ತಾಮ್ರದ ಚೆಂಬು ಅವರ ಕೈಯಲ್ಲಿತ್ತು. ಆ ಚೆಂಬನ್ನು ಕಂಡ ಮೇಲೆ ಯಾರ ಮಾತೂ ಅವರಿಗೆ ಹಿಡಿಸಲಿಲ್ಲ.

ಶಿವರಾತ್ರಿ ಕಳೆದು ನದಿ ತಿಳಿಯಾದ ಮೇಲೆ ನಾವು ನಾಲ್ವರು ಕಡಬದ ಕಡೆಗೆ ಬಸ್ಸಿನಲ್ಲಿ ಹೋದೆವು: ನಮ್ಮವರು, ಮತ್ತೆ ರಜೆ ಪಡೆದು ಬಂದಿದ್ದ ಸ್ನೇಹಿತ, ನಾನು, ಅತ್ತೆ. ಅತ್ತೆಯನ್ನು ಬಿಟ್ಟು ಹೋಗಬೇಕೆಂದು ನಮ್ಮವರು ಎಷ್ಟೋ ಹೇಳಿದರು. ಅತ್ತೆ ಕೇಳದೆ ಸೀರೆ ಬದಲಿಸಿ ಮೊದಲೇ ರಸ್ತೆಗೆ ಹೋಗಿ ನಿಂತಿದ್ದರು. ಬಸ್ಸಿನ ಮೇಲೆ ಪಂಪು ಕಂಡು ಕಂಡಕ್ಟರು, "ಈಗ ಎಂತ ಮದ್ದು ಬಿಡುದು ಮಾರಾಯ್ರೆ, ಬೇಸಗೆಯಲ್ಲಿ?" ಎಂದು ನಗಾಡಿದ.

ಕಯದ ಪಕ್ಕದ ಬಂಡೆಯ ಮೇಲೆ ಪಂಪು ಕೂರಿಸಿದರು. ನೀರು ಅಂಚಿನಲ್ಲಿ ಹಸಿರು, ನಡುವೆ ಕಪ್ಪು. "ಬೇಡ, ಹೋಗುವ" ಎಂದೆ. ಅವರು ಕೇಳದವರಂತೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಮುಳುಗಲೆಂದು ಒಂದು ಭಾರದ ಕಲ್ಲನ್ನು ತೊಡೆಯ ನಡುವೆ ಹಿಡಿದು ಜಾರಿದರು. ಸ್ನೇಹಿತ ಪಂಪಿನ ಹಿಡಿ ದೂಡುತ್ತಿದ್ದ. ಹಗ್ಗ ನನ್ನ ಅಂಗೈಯಿಂದ ಸರಸರನೆ ಇಳಿಯುತ್ತಾ ಹೋಯಿತು. ನಮ್ಮ ಬಾವಿಯ ಆಳ ಕಳೆದು, ಇನ್ನೊಂದು ಅಷ್ಟೇ ಆಳ ಕಳೆದು ಮತ್ತೂ ಇಳಿಯಿತು. ಗುಳ್ಳೆಗಳು ಬರುತ್ತಿದ್ದವು. ಒಮ್ಮೆಗೇ ಗುಳ್ಳೆಗಳ ದೊಡ್ಡ ಗೊಂಚಲು ಎದ್ದು ಒಡೆಯಿತು, ಪಂಪಿನ ಹಿಡಿ ಸಡಿಲವಾಯಿತು. ಕೆಳಗೆ ಸಂದಿ ಬಿಚ್ಚಿಹೋಗಿತ್ತು. ಸ್ನೇಹಿತ ಪಂಪು ಬಿಟ್ಟು ಬಂದು ನನ್ನೊಟ್ಟಿಗೆ ಹಗ್ಗಕ್ಕೆ ಕೈಹಾಕಿದ. ಇಬ್ಬರೂ ಸೇರಿ ಎಳೆದೆವು.

ಮೇಲೆ ಬಂದ ಮುಖವನ್ನು ನಾನು ಈಗಲೂ ಮರೆತಿಲ್ಲ. ಗಾಜಿನ ಒಳಗೆಲ್ಲ ರಕ್ತ. ಕನ್ನಡಿ ಕಿತ್ತು ತೆಗೆದರೆ ಕಣ್ಣು ಕೆಂಡ, ಮೂಗಿನಿಂದ, ಎರಡು ಕಿವಿಗಳಿಂದ ನೆತ್ತರು ಇಳಿಯುತ್ತಿತ್ತು. ಬಂಡೆಯ ಮೇಲೆ ಮಲಗಿಸಿ ಬೆನ್ನು ತಟ್ಟಿದೆವು. ನೀರು ಕಾರಿದರು, ಕೆಮ್ಮಿದರು. ಆಮೇಲೆ ಬಿಗಿಹಿಡಿದಿದ್ದ ಎಡಗೈಯನ್ನು ಅತ್ತೆಯ ಕಡೆ ಚಾಚಿ ಬಿಡಿಸಿದರು. ಅದರಲ್ಲಿ ಮೈದುನನ ಬೆಳ್ಳಿಯ ಉಡಿದಾರವಿತ್ತು.

"ಇದ್ದಾನೆ ಅಮ್ಮಾ. ಬಂಡೆಯ ಅಡಿಯಲ್ಲಿ. ಮೇಲೆ ತರ್ಲಿಕ್ಕೆ ಆಗುದಿಲ್ಲ. ಇದಿಷ್ಟೇ ಸಿಕ್ಕಿದ್ದು" ಎಂದರು.

ನಾನು ಹೋ ಎಂದು ಅತ್ತುಬಿಟ್ಟೆ. ಬ್ಯಾರಿಗಳ ಮಗ ಆಚೆ ತಿರುಗಿ ನಿಂತು ಅತ್ತ. ಅತ್ತೆ ಮಾತ್ರ ಅಳಲಿಲ್ಲ. ಉಡಿದಾರವನ್ನು ಬಿಸಿಲಿಗೆ ಹಿಡಿದು ಉದ್ದಕ್ಕೂ ಬೆರಳಾಡಿಸಿ, ಕೊಂಡಿಯ ಹತ್ತಿರ ಬೆರಳು ನಿಲ್ಲಿಸಿದರು. ಅಲ್ಲೇ ತುಂಬ ಹೊತ್ತು ನೋಡಿದರು. ಆಮೇಲೆ ಮಗನ ಕಿವಿಯ ರಕ್ತವನ್ನು ನೋಡಿದರು. "ಹೌದು," ಎಂದರು. "ನನ್ನ ಮಗನದ್ದೇ. ಅವನು ಸತ್ತ. ಇನ್ನು ಯಾರೂ ನೀರಿಗೆ ಇಳಿಯುದು ಬೇಡ. ಬೊಜ್ಜ ಮಾಡುವ." ಎದ್ದವರೇ ಬಂಡೆಯ ಮೇಲಿದ್ದ ಕನ್ನಡಿಯನ್ನೂ ಕೊಳವೆಯನ್ನೂ ಎತ್ತಿ ಕಯಕ್ಕೆ ಎಸೆದರು. ಯಾರದ್ದೆಂದು ಕೂಡಾ ಕೇಳಲಿಲ್ಲ.

ಬೊಜ್ಜ ನಡೆಯಿತು. ಬಟ್ಟಲು ಅಟ್ಟಕ್ಕೆ ಹೋಯಿತು. ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಲ್ಲ ಎಲೆಹಾಕಿ ಬಡಿಸುವಾಗ ಅತ್ತೆ ಮಾವನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿ, ಅವನಿಗೆ ಇಷ್ಟದ ಪತ್ರೊಡೆ ಬಡಿಸಿದರು. ಸತ್ತವರು ಉಣ್ಣಲೆಂದು ಕೋಣೆಯ ಬಾಗಿಲು ಎಳೆದುಕೊಂಡು ನಾವೆಲ್ಲ ಜಗಲಿಯಲ್ಲಿ ಕೂತೆವು. ನಮ್ಮವರು ಅಂದು ಹೊಟ್ಟೆ ತುಂಬ ಉಂಡರು. ಅವರು ಬಯಸಿದ್ದು ಸಿಕ್ಕಿತ್ತು. ಆದರೆ ಕಿವಿ ಸಿಗಲಿಲ್ಲ. ಒಡೆದ ಕಿವಿಗಳು ಕೀವು ತುಂಬಿ ಸೋರಿ, ಮಂಗಳೂರಿನ ದೊಡ್ಡ ಡಾಕ್ಟರರ ಮದ್ದಿಗೂ ಬಗ್ಗದೆ, ಮುಂದಿನ ಮಳೆಗಾಲದ ಹೊತ್ತಿಗೆ ಪೂರ್ತಿ ಮುಚ್ಚಿಹೋದವು. ಸೈಕಲ್ಲಿನ ಬೆಲ್ಲು ಸರಿಯಾಗಿದೆಯೋ ಎಂದು ನೋಡಲು ಅವರು ಅದನ್ನು ನನ್ನ ಹತ್ತಿರ ತಂದು ಬಾರಿಸಿ ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದರೆ ಗಿರಾಕಿಗೆ ಕೊಡುತ್ತಿದ್ದರು. ಒಳಗೆ ಬಂದು ನಾನು ಒಲೆಯ ಮುಂದೆ ಅಳುತ್ತಿದ್ದೆ. ಅಳುವುದು ಸುಲಭವಾಗಿತ್ತು, ಅವರಿಗೆ ಕೇಳುತ್ತಿರಲಿಲ್ಲವಲ್ಲ.

ಮತ್ತೊಂದು ಮಳೆಗಾಲ ಕಳೆದು ನನಗೆ ಗಂಡುಮಗುವಾಯಿತು. ಸುಳ್ಯದ ತವರಿನಿಂದ ಬಾಣಂತನ ಮುಗಿಸಿ ಬಂದ ದಿನ ಅತ್ತೆ ಮಗುವನ್ನು ಎಣ್ಣೆಹಚ್ಚಿ ಮೀಯಿಸಿ, ಮಡಿಲಲ್ಲಿ ಹಾಕಿಕೊಂಡು, ಸೆರಗಿನ ಗಂಟು ಬಿಚ್ಚಿದರು. ಬೆಳ್ಳಿಯ ಉಡಿದಾರ. ತವರಿನವರು ಕಟ್ಟಿದ್ದ ನೂಲಿನ ಮೇಲೆಯೇ ಅದನ್ನು ಎರಡು ಸುತ್ತು ಸುತ್ತಿ ಮಗುವಿನ ಸೊಂಟಕ್ಕೆ ಕಟ್ಟತೊಡಗಿದರು. ನಾನು ಬೆಚ್ಚಿಬಿದ್ದು ಅವರ ಕೈಹಿಡಿದೆ. "ಅಯ್ಯೋ, ಸತ್ತವರ ಸೊಂಟದ್ದು, ಮಗುವಿಗೆ ಬೇಡ ಅತ್ತೆ" ಎಂದೆ.

"ಸತ್ತವರ ಸೊಂಟದ್ದಲ್ಲ ಇದು" ಎಂದರು. ಸ್ವರ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. "ಅವನು ಹೋಗುವ ಹಿಂದಿನ ದಿನ ಬಾವಿಕಟ್ಟೆಯಲ್ಲಿ ಇದರ ಕೊಂಡಿ ತುಂಡಾಗಿತ್ತು. ಅಣ್ಣನ ಹತ್ರ ಬೆಸುಗೆ ಹಾಕ್ಸು ಅಂತ ನಾನೇ ಬಿಚ್ಚಿಕೊಟ್ಟದ್ದು. ಸೊಂಟ ಬರಿದು ಇರ್ಬಾರ್ದು ಅಂತ ನಿಂತ ನಿಲುವಿನಲ್ಲೇ ಕಪ್ಪು ನೂಲು ಕಟ್ಟಿದ್ದೆ. ಅವನು ಹೊಳೆಗೆ ಹೋಗುವಾಗ ಅವನ ಸೊಂಟದಲ್ಲಿ ಇದ್ದದ್ದು ಆ ನೂಲು. ಇದು ಅಣ್ಣನ ಅಂಗಡಿಯಲ್ಲೇ ಉಳಿದಿತ್ತು. ನೋಡು ಇಲ್ಲಿ."

ಕೊಂಡಿಯಲ್ಲಿ ಸೀಸದ ದೊಡ್ಡ ಬೆಸುಗೆ. ಗ್ಯಾಸ್‌ಲೈಟಿನ ಟ್ಯಾಂಕಿಗೆ ನಮ್ಮವರು ಹಾಕುತ್ತಿದ್ದಂಥದ್ದೇ.

ಅತ್ತೆ ಮುಂದುವರಿಸಿದರು: "ಅಲ್ಲಿ ಬಂಡೆಯಲ್ಲಿ ನಿನ್ನ ಗಂಡನ ಕಿವಿಯಿಂದ ರಕ್ತ ಬರ್ತಾ ಇತ್ತು. ಇದು ಹೊಳೆಯಲ್ಲಿ ಸಿಕ್ಕಿದ್ದಲ್ಲ ಅಂತ ನಾನು ಹೇಳಿದ್ರೆ ಇವನು ಪುನಃ ಇಳಿತಿದ್ದ. ಇವನನ್ನು ಉಳಿಸ್ಲಿಕ್ಕೆ ಅವನು ಸತ್ತ ಅಂತ ನಾನೇ, ನನ್ನ ಬಾಯಾರೆ ಹೇಳ್ಬೇಕಾಯ್ತು ಮಗಳೇ. ನನ್ನ ಮಗನ ಬೊಜ್ಜದ ಊಟ ನಾನೇ ಬಡಿಸಿದೆ." ಆಗ ಅತ್ತರು. ಅಷ್ಟು ವರ್ಷ ಒಂದು ಮನೆಯಲ್ಲಿದ್ದೂ ಅವರು ಅತ್ತದ್ದನ್ನು ನಾನು ಅಂದೇ ಕಂಡದ್ದು. ಮಗು ಅವರ ಮಡಿಲಲ್ಲಿ ಕೈಕಾಲು ಬಡಿಯುತ್ತಿತ್ತು. ಕಣ್ಣೊರಸಿಕೊಂಡು ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟು, "ಇನ್ನು ನಿನ್ನ ಗಂಡನಿಗೆ ಮಗ ಉಂಟು. ಇನ್ನು ನೀರಿಗೆ ಇಳಿಯುದಿಲ್ಲ ಇವನು. ಇನ್ನು ನಾನು ಸಣ್ಣವನ ದಾರಿ ಕಾಯ್ಬಹುದು" ಎಂದರು.

ಮಧ್ಯಾಹ್ನ ನಮ್ಮವರು ಅಂಗಡಿಯಿಂದ ಊಟಕ್ಕೆ ಬಂದು ಮೊದಲು ಮಗುವನ್ನು ಎತ್ತಿಕೊಂಡರು. ಸೊಂಟದ ಬೆಳ್ಳಿ ಕಂಡಿತು. ಕೊಂಡಿಯನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡಿದರು, ಆಮೇಲೆ ತಾಯಿಯ ಮುಖ ನೋಡಿದರು. ಬಾಯಲ್ಲಿ ಹೇಳಿದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಅಟ್ಟದಿಂದ ಇಳಿಸಿ, ಹುಣಸೆಹುಳಿ ಹಾಕಿ ಬೆಳಗಿದ ಬಟ್ಟಲನ್ನು ಅತ್ತೆ ಮೈದುನನ ಜಾಗದಲ್ಲಿಟ್ಟು ಅನ್ನ ಬಡಿಸಿದರು, ಸಾರು ಹಾಕಿದರು, ಪಕ್ಕದಲ್ಲಿ ಒಂದು ಮಿಡಿ ಉಪ್ಪಿನಕಾಯಿ ಇಟ್ಟರು.

ನಮ್ಮವರು ಮಗುವನ್ನು ನನ್ನ ಕೈಗೆ ಕೊಟ್ಟು ಆ ಬಟ್ಟಲಿನ ಎದುರು ಬಂದು ಕೂತರು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರಸಿಕೊಳ್ಳಲಿಲ್ಲ. ಆ ದಿನ ಅವರು ನಡುವಿನಲ್ಲಿ ಏಳಲಿಲ್ಲ. ತಮಗೆ ಹಾಕಿದ ಅನ್ನವನ್ನೆಲ್ಲ ಉಂಡರು.